ಸಾವಂತ್ರವ್ವನ ‘ಗಾಳಿ’ ಬಿಟ್ಟ ಬಗೆ

ಮುದ್ದೇಬಿಹಾಳದ ಧಾನ್ಯದ ಪೇಟೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ತೊಗರಿಯ ರಾಶಿಯ ಮುಂದೆ ಸಾವಂತ್ರವ್ವ ಮೊರ ಹಿಡಿದು ಕೂತಿದ್ದಾಳೆ. ಲಿಲಾವು, ಅಂದರೆ ಕಾಳಿನ ಹರಾಜು, ಶುರುವಾಗುವುದರೊಳಗೆ ಕಲ್ಲು, ಕಸ, ಜೊಳ್ಳು ತೆಗೆದು ಕಾಳು ಹಸನಾಗಬೇಕು. ಗೋಡೆಯಾಚೆ ದಲಿತರ ಕೇರಿ. ಅಲ್ಲಿಂದ ಪಟಪಟನೆ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿದೆ. ಬಡಿಯುತ್ತಿರುವವನು ಅವಳ ಗಂಡ, ಹಮಾಲ ಸಿದ್ರಾಮ.

ದಲಾಲಿ ಅಂಗಡಿಯ ಬಸಂತರಾಯ ನಿಂತು ನಗುತ್ತಾನೆ. “ಏನಬೇ ಸಾವಂತ್ರಿ, ಗಂಡಗ ಬಳಿ ಯಾವಾಗ ಇಡಸ್ತಿ?”

“ನೀವ ಕೊಡಸ್ರಿ ಸಾವ್ಕಾರ್ರ. ಅವನ ರೊಟ್ಟಿ ಹೂವಿನಂಗ ಉಬ್ಬತಾವ. ನಿಮಗೂ ಎರಡು ಕಳಸ್ಲೇನು?”

ಸುತ್ತ ಕೂತ ಹೆಂಗಸರು ಬಾಯಿಗೆ ಸೆರಗು ಹಿಡಿಯುತ್ತಾರೆ. ಕೇರಿಯ ಕೈ ಹಸನು ಮಾಡಿದ ಕಾಳು ಸಾಹುಕಾರರಿಗೆ ಆಗುತ್ತದೆ, ಆ ಕೇರಿಯ ರೊಟ್ಟಿ ಆಗುವುದಿಲ್ಲ. ಬಸಂತರಾಯ ಅಂಗಡಿಯೊಳಗೆ ಸರಿದುಬಿಡುತ್ತಾನೆ.

ಇಷ್ಟು ಗಟ್ಟಿ ಬಾಯಿಯ ಹೆಣ್ಣು ಕೆಲವೇ ವರ್ಷಗಳ ಹಿಂದೆ, ಎಪ್ಪತ್ಮೂರರ ಸುಗ್ಗಿಯಲ್ಲಿ ಮಾತನ್ನೇ ಬಿಟ್ಟಿದ್ದಳು. ಎರಡು ಹೆಣ್ಣು, ಒಂದು ಗಂಡು. ಗಂಡು ಇನ್ನೂ ಮೊಲೆಗೂಸು. ಕೋಳಿ ಕೂಗುವ ಮೊದಲೇ ನೀರು, ಒಲೆ, ರೊಟ್ಟಿ. ಆಮೇಲೆ ಸಂಜೆಯ ತನಕ ಪೇಟೆ. “ರಾಶಿ ಮುಂದ ಕುಂತ್ರ ಕೂಸಿನ ಅಳು ಕೇಳ್ತಿತ್ರಿ. ಕೂಸಿಗೆ ಮೊಲಿ ಕೊಡಾಕ ಹೋದ್ರ ರಾಶಿ ಕಣ್ಣಾಗ ಬರ್ತಿತ್ತು. ಎಲ್ಲಿದ್ರೂ ನಾ ಅಲ್ಲಿ ಇರ್ತಿದ್ದಿಲ್ಲ,” ಎನ್ನುತ್ತಾಳೆ. ನಿದ್ದೆ ಹೋಯಿತು. ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಒಂದು ದಿನ ಹಸನಾದ ಕಾಳನ್ನೆಲ್ಲ ಕಸದ ಗುಂಪಿಗೇ ಸುರಿದು, ಸುಮ್ಮನೆ ನೋಡುತ್ತ ಕೂತುಬಿಟ್ಟಳು.

ಗಾಳಿ ಸೋಕಿದೆ ಎಂದಿತು ಊರು. ಅತ್ತೆ ಮರೆವ್ವ ಕೊರಳಿಗೆ ಮಂತ್ರಿಸಿದ ದಾರ ಕಟ್ಟಿಸಿದಳು. ಬೇವಿನ ಬರಲಿನ ಏಟೂ ಬಿದ್ದವು. ಕೆಲಸ ಬಿಡು ಎಂದ ಗಂಡ. ಗಂಡಿನಷ್ಟೇ ದುಡಿದು ಬಂದವಳ ತಲೆಗೆ ಒಲೆಯನ್ನೂ ಹೊರಿಸಿ, ಅವಳು ಕುಸಿದಾಗ ದೆವ್ವದ ಹೆಸರು ಹೇಳುವ ಈ ಜಾಣತನಕ್ಕೆ ಯಾರು ದಾರ ಕಟ್ಟಬೇಕು?

ಸಾವಂತ್ರವ್ವ ಕೆಲಸ ಬಿಡಲಿಲ್ಲ. ಹಿಟ್ಟಿನ ಪರಾತ ಎತ್ತಿ ಗಂಡನ ಮುಂದಿಟ್ಟಳು. “‘ಪ್ಯಾಟಿ ಬಿಟ್ರ ಮಕ್ಕಳು ಉಪಾಸ. ಹಿಂಗ ನಡದ್ರ ನನಗ ಹುಚ್ಚು. ನಿನ್ನ ಹಮಾಲಿ ಕೆಲಸ ಲಿಲಾವು ಮುಗದ ಮ್ಯಾಲ, ಮುಂಜಾನಿ ಖಾಲಿ ಇರ್ತಿ. ರೊಟ್ಟಿ ಬಡಿ’ ಅಂದೆ.”

ಸಿದ್ರಾಮ ಬಾಗಿಲು ಹಾಕಿಕೊಂಡ. ಕೇರಿಗೆ ಕೇಳಬಾರದೆಂದು ಮೆಲ್ಲಗೆ ತಟ್ಟಿದ. ಜೋಳದ ರೊಟ್ಟಿ ಮೆಲ್ಲಗೆ ತಟ್ಟಿದರೆ ಏಳುವುದಿಲ್ಲ, ದಪ್ಪಗಾಗಿ ಹರಿಯುತ್ತದೆ. ವಾರಗಟ್ಟಲೆ ಮಕ್ಕಳು ತುಂಡು ರೊಟ್ಟಿ ತಿಂದವು. “ಒಂದಿನ ಹಿರಿ ಮಗಳು, ‘ಅಪ್ಪಾ, ಕಳ್ಳನಂಗ ಯಾಕ ಬಡಿತಿ?’ ಅಂದ್ಲು. ಸಿಟ್ಟಿಗೆದ್ದು ಬಾಗಲಾ ತಗದು ಬಡದ ನೋಡ್ರಿ, ಇಡೀ ಕೇರಿ ಎದ್ದು ಕುಂತಿತು!” ಎನ್ನುತ್ತಾಳೆ ಸಾವಂತ್ರವ್ವ.

ನಿದ್ದೆ ಒಂದೇ ದಿನಕ್ಕೆ ಮರಳಲಿಲ್ಲ. ಒಂದು ಮಳೆಗಾಲ, ಒಂದು ಚಳಿಗಾಲ ಹಿಡಿಯಿತು. ಮೊದಮೊದಲು ಮಗನ ಕೈಯ ರೊಟ್ಟಿ ಮುಟ್ಟದ ಮರೆವ್ವ, ಕಡೆಗೆ ಸೊಸೆಯದಕ್ಕಿಂತ ಇದೇ ಮೆತ್ತಗೆ ಎಂದಳು. ಕೂಸನ್ನು ತಾನೇ ಪೇಟೆಗೆ ಎತ್ತಿ ತಂದು ಹಾಲು ಕುಡಿಸಿಕೊಂಡು ಹೋಗತೊಡಗಿದಳು. ಕೊರಳ ದಾರವನ್ನು ಸಾವಂತ್ರವ್ವ ಒಂದು ಬೆಳಿಗ್ಗೆ ತಾನೇ ಹರಿದು ಒಲೆಗೆ ಹಾಕಿದಳು. ಈಗ ಪೇಟೆಯ ಹೆಂಗಸರ ದೊಡ್ಡ ಗುಂಪಿಗೆ ಅವಳೇ ಮುಂದಾಳು. ಯಾವ ರಾಶಿ ಯಾರು ಹಸನು ಮಾಡಬೇಕು ಎಂದು ಹೇಳುವವಳೂ ಅವಳೇ. ಕೇರಿಯ ಇನ್ನೂ ಕೆಲವು ಮನೆಗಳಲ್ಲಿ ಗಂಡಸರ ಕೈಗೆ ಹಿಟ್ಟು ಹತ್ತಿದೆ.

ಏನು ಆಸೆ ಎಂದು ಕೇಳಿದರೆ ಮೊರ ಕೆಳಗಿಟ್ಟು ನಗುತ್ತಾಳೆ.

“ಮುಂದ ಮಗಗ ಹೆಣ್ಣು ನೋಡಾಕ ಹೋದಾಗ, ಹುಡಿಗಿಗೆ ರೊಟ್ಟಿ ಬರ್ತಾವೇನಂತ ನಾ ಕೇಳೂದಿಲ್ರಿ. ಬೀಗರು ನನ್ನ ಕೇಳ್ಬೇಕು, ‘ನಿಮ್ಮ ಹುಡುಗಗ ಬರ್ತಾವೇನು?’ ಅಂತ. ಎದಿ ಉಬ್ಬಿಸಿ ಹೇಳ್ತೇನಿ: ಬರ್ತಾವ್ರಿ, ಅವ್ರಪ್ಪನೇ ಕಲಿಸ್ಯಾನ.”