ನಿಂಗಮ್ಮನವರ ಮನೆಯ ಎರಡನೇ ಒಲೆ

ಕಳೆದ ವಾರ ನಾನೊಂದು ಮನೆ ಮುರಿದೆ. (ಗಾಬರಿಯಾಗಬೇಡಿ, ಹಾರೆ ಹಿಡಿದಿರಲಿಲ್ಲ. ಕೈಯಲ್ಲಿದ್ದದ್ದು ಬಾಲ್‌ಪೆನ್ನು.)

ಜನಗಣತಿಗೆ ಮುಂಚೆ ಮನೆಪಟ್ಟಿ ಮಾಡುವ ಡ್ಯೂಟಿ ಈ ಸಲ ನನಗೂ ಬಿತ್ತು, ಸಿಂಧಘಟ್ಟದಲ್ಲಿ. ಬೆಳಿಗ್ಗೆ ಏಳಕ್ಕೆ ಪಟ್ಟಿ, ಹತ್ತಕ್ಕೆ ಶಾಲೆ. ನಿಯಮ ಸರಳ: ಒಂದೇ ಅಡುಗೆಯಲ್ಲಿ ಉಣ್ಣುವವರೆಲ್ಲ ಒಂದು ಕುಟುಂಬ. ನಾನು ಅದನ್ನು ಇನ್ನೂ ಸರಳ ಮಾಡಿಕೊಂಡಿದ್ದೆ. ಬಾಗಿಲಲ್ಲೇ ನಿಂತು "ಎಷ್ಟು ಒಲೆ?" ಎಂದು ಕೇಳುವುದು. ಟೈಮು ಉಳಿಯುತ್ತದಲ್ಲ!

ನಿಂಗಮ್ಮನವರದು ಅಜ್ಜಂದಿರ ಕಾಲದ ತೊಟ್ಟಿಮನೆ. ನಡುವೆ ಬಯಲು ತೊಟ್ಟಿ, ಸುತ್ತ ಹಲಸಿನ ಕಂಬ. ಎರಡು ಕಡೆ ಪಡಸಾಲೆ, ಇಬ್ಬರು ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು. ಒಟ್ಟು ಹದಿನಾಲ್ಕು ಜನ.

"ಎಲ್ಡವೆ ಕಣಪ್ಪ ಮೇಷ್ಟ್ರೇ," ಎಂದರು ಆಕೆ.

ಎರಡು ಕುಟುಂಬ ಎಂದು ಬರೆದೆ. ಎರಡೂ ಪಡಸಾಲೆಯ ಬಾಗಿಲಿಗೆ ಕೆಮ್ಮಣ್ಣಿನಲ್ಲಿ ಬೇರೆ ಬೇರೆ ನಂಬರು ಹಾಕಿ ಹೊರಟೆ.

ಮೂರನೆಯ ದಿನ ನಿಂಗಮ್ಮ ಶಾಲೆಗೇ ಬಂದರು. "ಅದೇನ್ ಬರ್ದ್ಬುಟ್ರಿ ಮೇಷ್ಟ್ರೇ? ಗೌರ್ಮೆಂಟೇ ಎಲ್ಡು ಮನೆ ಅಂತ ನಂಬರ್ ಕೊಟ್ಟದೆ, ತೊಟ್ಟಿ ಮಧ್ಯಕ್ಕೆ ಗೋಡೆ ಎತ್ತುಸ್ತೀನಿ ಅಂತ ನನ್ ಚಿಕ್ ಮಗ ಪುಟ್ಸ್ವಾಮಿ ಕುಣೀತಾವ್ನೆ!"

"ಎರಡು ಒಲೆ ಅಂದವರು ನೀವೇ ಅಲ್ಲವೇನಮ್ಮ?"

"ಅಡ್ಗೇದೊಂದು, ಬಚ್ಚಲ್ನಲ್ಲಿ ನೀರ್ ಕಾಯ್ಸೋದೊಂದು. ನೀರೊಲೆ ಒಲೆ ಅಲ್ವಾ? ಎಲ್ಡಾಯ್ತು!"

ಮೂವತ್ತು ವರ್ಷ "ಪ್ರಶ್ನೆ ಪೂರ್ತಿ ಓದು" ಎಂದು ಮಕ್ಕಳ ಕಿವಿ ಹಿಂಡಿದವನು ನಾನು. ಪ್ರಶ್ನೆಯನ್ನೇ ಅರ್ಧ ಕೇಳಿದ್ದೆ. ಗೋಡೆಗಾಗಿ ಕಂಬ ಕಿತ್ತರೆ ಆ ಸೂರು ನಿಂತೀತೇ? ಪುಟ್ಟಸ್ವಾಮಿಯ ಅಣ್ಣ ಸುಮ್ಮನಿದ್ದಾನೇ?

ಶಾಲೆ ಬಿಟ್ಟ ಕೂಡಲೇ ಒದ್ದೆ ಬಟ್ಟೆ, ಫಾರಂ ಹಿಡಿದು ಓಡಿದೆ. ಪುಟ್ಟಸ್ವಾಮಿ ತೊಟ್ಟಿಯಲ್ಲೇ ನಿಂತಿದ್ದ.

"ಬನ್ನಿ ಸಾ, ಅಳ್ಸಿ. ನಾನೇನ್ ಬ್ಯಾಡ ಅಂದ್ನಾ?"

ನಂಬರು ಅಳಿಸಿದೆ. ಫಾರಂ ತಿದ್ದಲು ಪೆನ್ನು ತೆಗೆದೆ.

"ತಡೀರಿ ಸಾ. ಮೇಷ್ಟ್ರಾಗಿ ಸುಳ್ ಬರೀಬ್ಯಾಡಿ. ವಸಿ ಒಳೀಕ್ ಬಂದ್ ನೋಡಿ."

ಅವನ ಪಡಸಾಲೆಯ ಮೂಲೆಯಲ್ಲಿ ಮೂರು ಹೊಸ ಇಟ್ಟಿಗೆ, ನಡುವೆ ಬೆಂಕಿ. ಅವನ ಹೆಂಡತಿ ಮುದ್ದೆ ತಿರುವುತ್ತಿದ್ದಳು. ತಲೆ ಎತ್ತಲಿಲ್ಲ.

"ನಿಮ್ ನಂಬರ್ ಬಿತ್ತಲ್ಲ, ಇವತ್ನಿಂದ ಉಣ್ಣೋದು ಇಲ್ಲೇ," ಎಂದ.

"ಒಂದೇ ಅಂತ ಬರ್ದ್ರಾ ಮೇಷ್ಟ್ರೇ?" ಹೊರಗಿನಿಂದ ನಿಂಗಮ್ಮ ಕೂಗಿದರು.

ಫಾರಂ ನಾಳೆ ಕೆ.ಆರ್. ಪೇಟೆಯ ತಾಲ್ಲೂಕು ಕಚೇರಿಗೆ ಹೋಗಬೇಕು. ನಾನು ತಪ್ಪಾಗಿ ಬರೆದ "ಎರಡು ಕುಟುಂಬ" ಈಗ ನಿಯಮದ ಪ್ರಕಾರವೇ ಸರಿಯಾಗಿದೆ.

ಆ ತಾಯಿಗೆ ಇದನ್ನು ಹೇಳುವವರು ಯಾರು?