ಮೈಸೂರಿನ ಶಾಲೆ, ಮದ್ರಾಸಿನ ಹುಡುಗಿ

ನನಗಾಗ ಹನ್ನೆರಡು ವರ್ಷ. ಅದಾಗಿ ಎಪ್ಪತ್ತು ವರ್ಷ ದಾಟಿತು. ನಮ್ಮ ಊರು ಕೆದಂಬಾಡಿ ಆಗಿನ್ನೂ ಮದ್ರಾಸ್ ಸರ್ಕಾರದ ಕೆಳಗಿತ್ತು. ಅಪ್ಪನಿಗೆ ಮಾತ್ರ ಮೈಸೂರು ಮಹಾರಾಜರದ್ದೇ ಜಪ. ಅವರು ಹೆಣ್ಣುಮಕ್ಕಳಿಗೆ ಶಾಲೆ ತೆರೆದದ್ದನ್ನು ಅಪ್ಪ ಜಗಲಿಗೆ ಬಂದವರಿಗೆಲ್ಲ ಹೇಳುತ್ತಿದ್ದರು.

ಅದೇ ವರ್ಷ ನಾನು ದೊಡ್ಡವಳಾದೆ. ನಾಲ್ಕನೇ ದಿನ ಮಿಂದು ಶಾಲೆಗೆ ಹೊರಟರೆ ಅಪ್ಪ ಜಗಲಿಯಲ್ಲೇ ತಡೆದರು.

"ಇನ್ನು ನಿನಗೆ ಶಾಲೆ ಎಂತಕ್ಕೆ?"

"ಮಹಾರಾಜರು ಹುಡುಗಿಯರನ್ನು ಓದಿಸಿದ್ರು ಅಂತ ನೀವೇ ಹೇಳುದಲ್ವಾ?"

"ಅದು ಮೈಸೂರಲ್ಲಿ ಮಾರಾಯ್ತಿ. ನಾವು ಮದ್ರಾಸಿನವರು."

ಜಗಲಿಯಲ್ಲಿ ಕೂತವರು ನಕ್ಕರು. ಬಾಗಿಲ ಹಿಂದೆ ಅಮ್ಮನೂ ನಕ್ಕಳು. ಅವಳು ನಕ್ಕದ್ದನ್ನು ನಾನು ಇನ್ನೂ ಕ್ಷಮಿಸಿಲ್ಲ.

ಮರುದಿನ ಬೆಳಿಗ್ಗೆ ನನ್ನ ನಾಲ್ಕನೇ ಕ್ಲಾಸಿನ ಪುಸ್ತಕದ ಹಾಳೆ ಹರಿದು ಬಚ್ಚಲ ಒಲೆಗೆ ಬೆಂಕಿ ಹಿಡಿಸಿ, ಅಪ್ಪನ ಸ್ನಾನಕ್ಕೆ ನೀರು ಕಾಯಿಸಿದೆ.