ಚಿಕ್ಕಮ್ಮ ಮಾತು ನಿಲ್ಲಿಸಿದ ದಿನ

ನಮ್ಮ ಮಾವನಿಗೆ ಬೀದಿಯ ಮಕ್ಕಳು ಇಟ್ಟ ಹೆಸರು ಠಣ್ ತಾತ. ಕೈಗೆ ಏನು ಸಿಕ್ಕರೂ ಬೆರಳಿನಿಂದ ಒಂದು ಸಲ ತಟ್ಟಿ ಕೇಳದೆ ಕೆಳಗಿಡುವ ಮನುಷ್ಯ ಅವರಲ್ಲ. ತಲೆ ಎಡಕ್ಕೆ ವಾಲಿಸಿ, ಕಣ್ಣು ಅರ್ಧ ಮುಚ್ಚಿ, ಸದ್ದು ಪೂರ್ತಿ ಆರುವವರೆಗೆ ಕೇಳುತ್ತಾರೆ. ನಾನು ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ಆಸೆಪಟ್ಟು ತಂದಿದ್ದ ಪಿಂಗಾಣಿ ಕಪ್ಪುಗಳನ್ನು ಒಂದೊಂದಾಗಿ ತಟ್ಟಿ, "ಇದೊಂದಕ್ಕೆ ಬಿರುಕಿದೆ ಕಣಮ್ಮ" ಅಂದರು. ನನ್ನ ಕಣ್ಣಿಗೆ ಯಾವ ಬಿರುಕೂ ಕಾಣಲಿಲ್ಲ. ಮುದುಕರ ಬಾಯಲ್ಲಿ ಒಂದು ಒಳ್ಳೆ ಮಾತು ಬರಬಾರದೇ ಅಂತ ಸಿಟ್ಟು ಬಂದು, ಬೇಕಂತಲೇ ಅದೇ ಕಪ್ಪಿನಲ್ಲಿ ಟೀ ಕುಡಿಯತೊಡಗಿದೆ. ಆ ವಾರವೇ ಹಿಡಿ ನನ್ನ ಕೈಯಲ್ಲಿ ಉಳಿದು ಕಪ್ಪು ನೆಲಕ್ಕೆ ಬಿತ್ತು. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅವರ ಕಿವಿ ಜೊತೆ ಮಾತ್ರ ಜಗಳ ಆಡಬೇಡ ಮಗಾ, ನಾನು ಆಡಿ ಸೋತು ಸುಣ್ಣ ಆಗಿದೀನಿ" ಅಂದರು.

ಆ ಕಿವಿ ಪಳಗಿದ್ದು ಕೆಲಸದಲ್ಲಿ. ಬೀದಿ ಬೀದಿಯಲ್ಲೂ ಸಾರ್ವಜನಿಕ ಫೋನುಗಳಿದ್ದ ಕಾಲದಲ್ಲಿ, ಅವುಗಳ ಡಬ್ಬಿಯ ಬೀಗ ತೆಗೆದು ಒಳಗೆ ಬಿದ್ದ ನಾಣ್ಯಗಳನ್ನು ಚೀಲಕ್ಕೆ ಸುರಿದುಕೊಂಡು ಆಫೀಸಿಗೆ ತಂದು ಒಪ್ಪಿಸುವುದು ಮಾವನ ಕೆಲಸ. ಹಳೆಯ ಬೆಳ್ಳಿ ನಾಣ್ಯಗಳೂ ಹೊಸದರ ಅಳತೆಯವೇ ಆದ್ದರಿಂದ, ಗೊತ್ತಿಲ್ಲದವರು ಅವನ್ನೂ ಡಬ್ಬಿಗೆ ಹಾಕಿ ಮಾತಾಡಿ ಹೋಗುತ್ತಿದ್ದರು. ಸುರಿಯುವಾಗಲೇ ರಾಶಿಯ ಗಲಾಟೆಯ ನಡುವೆ ಬೆಳ್ಳಿಯ ದನಿ ಮಾವನಿಗೆ ಬೇರೆಯಾಗಿ ಕೇಳಿಸುತ್ತಿತ್ತಂತೆ. ಅಂಥದ್ದು ಸಿಕ್ಕರೆ ಮೇಲಧಿಕಾರಿಗೆ ತೋರಿಸಿ, ತಮ್ಮ ಜೇಬಿನಿಂದ ಒಂದು ನಾಣ್ಯ ಚೀಲಕ್ಕೆ ಹಾಕಿ, ಅದನ್ನು ಮನೆಗೆ ತರುತ್ತಿದ್ದರು. ಹಾಗೆ ಶುರುವಾದ ಹುಚ್ಚು ಅದು. ಆಮೇಲೆ ಹಳೆ ಸಾಮಾನಿನ ಸಂತೆಗಳಲ್ಲಿ ಅಲೆದು, ಹೊಸ ಅಂಗಿ ಹೊಲಿಸುವುದನ್ನು ಮುಂದೂಡಿ ಕೊಂಡುಕೊಂಡು, ಒಂದು ಮರದ ಪೆಟ್ಟಿಗೆ ತುಂಬಿಸಿದರು.

ಮುಂಬಾಗಿಲಿನ ಪಕ್ಕದ ಕಿಟಕಿಯ ಹಲಗೆಯ ಮೇಲೆ ಒಂದು ಕಪ್ಪು ಕಲ್ಲಿನ ಚಪ್ಪಡಿ ಇತ್ತು. ಅದರ ಮೇಲೆ ಒಂದು ಗೇಣು ಎತ್ತರದಿಂದ ನಾಣ್ಯ ಬಿಟ್ಟು ಕೇಳಬೇಕು. ನನ್ನ ನಾದಿನಿ ಚಿಕ್ಕವಳಾಗಿದ್ದಾಗ ಅಪ್ಪನಿಗೆ ಬೆನ್ನು ಮಾಡಿ ಕೂರುತ್ತಿದ್ದಳಂತೆ. ಅಪ್ಪ ಒಂದೊಂದೇ ನಾಣ್ಯ ಬಿಡುವುದು, ಇವಳು ತಿರುಗಿ ನೋಡದೆ ಹೆಸರು ಹೇಳುವುದು. ಹೆಸರುಗಳೂ ಅವಳೇ ಇಟ್ಟವು. ಮೂಗಿನಿಂದ ದನಿ ತೆಗೆಯುವ ಒಂದು ನಾಣ್ಯ 'ನೆಗಡಿ'. ಬಿದ್ದ ಕೂಡಲೇ ಉರುಳಿ ಓಡುವುದು 'ಕಳ್ಳಿ'. ಎಲ್ಲಕ್ಕಿಂತ ದೊಡ್ಡದು, ಒಮ್ಮೆ ಬಾಯಿ ತೆಗೆದರೆ ಮುಚ್ಚುವುದೇ ಇಲ್ಲ ಅನ್ನುವಂತೆ ಗುಂಯ್‌ಗುಡುತ್ತಲೇ ಇರುವ ನಾಣ್ಯಕ್ಕೆ 'ಚಿಕ್ಕಮ್ಮ' ಅಂತ ಹೆಸರು. ಅತ್ತೆಯ ತಂಗಿಯನ್ನು ಕಂಡವರಿಗೆ ಅದರ ಕಾರಣ ವಿವರಿಸಬೇಕಾಗಿಲ್ಲ. ಆ ಪುಣ್ಯಾತ್ಗಿತ್ತಿ ಫೋನಿಗೆ ಬಂದರೆ ನಾನು ಒಲೆ ಆರಿಸಿಯೇ ಮಾತಿಗೆ ನಿಲ್ಲುತ್ತೇನೆ.

"ಇವೆಲ್ಲ ನಿನಗೇ" ಅಂತ ಮಾವ ಮಗಳಿಗೆ ಆಗಲೇ ಮಾತು ಕೊಟ್ಟಿದ್ದರು. ನನ್ನ ಗಂಡನಿಗೆ ಅದರ ಬಗ್ಗೆ ಬೇಸರವಿರಲಿಲ್ಲ. ಅವರಿಗೆ ಚಿನ್ನವೂ ಒಂದೇ, ಚಮಚವೂ ಒಂದೇ.

ಇನ್ನು ಮಾವನ ನಾಣ್ಯದ ಗೆಳೆಯ ಒಬ್ಬ ಮಹಾನುಭಾವನ ಸುದ್ದಿಗೆ ಬರುತ್ತೇನೆ. ಕನ್ನಡಕದಂಗಡಿಯ ಮೇಲಿನ ಮಹಡಿಯಲ್ಲಿ ಅವನದು ನಾಣ್ಯದ ಅಂಗಡಿ. ಕಡಿದಾದ ಮೆಟ್ಟಿಲು, ಹಸಿರು ಬಟ್ಟೆ ಹಾಸಿದ ಮೇಜು, ಭೂತಗನ್ನಡಿ, ಸಣ್ಣ ತಕ್ಕಡಿ. ಮಾವನಿಗಿಂತ ವಯಸ್ಸಿನಲ್ಲಿ ಚಿಕ್ಕವನು. ಪರಿಚಯವಾದ ಮೊದಲ ದಿನವೇ "ಅಣ್ಣ" ಅಂದವನು, ಮೂವತ್ತು ವರ್ಷ ಹಾಗೆಯೇ ಕರೆದ. ಅತ್ತೆಯನ್ನು "ಅತ್ತಿಗೆ" ಅನ್ನುತ್ತಿದ್ದ. ಅತ್ತೆ ತೀರಿಕೊಂಡಾಗ ಅಂಗಡಿ ಮುಚ್ಚಿ ಬಂದು, ಸ್ವಂತ ತಮ್ಮನ ಹಾಗೆ ಅತ್ತು ಓಡಾಡಿದ. ಬಂದವರಿಗೆ ಕುರ್ಚಿ ಹಾಕಿದ್ದು ಅವನು, ನನ್ನ ಮಕ್ಕಳಿಗೆ ಊಟ ಮಾಡಿಸಿದ್ದೂ ಅವನು. ಅದನ್ನು ನೆನೆಸಿಕೊಂಡರೆ ಈಗಲೂ ನನಗೆ ಮೈ ಉರಿಯುತ್ತದೆ. ಸುಳ್ಳೂ ಅಷ್ಟು ಚೆನ್ನಾಗಿ ಅಳುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಅವನಿಗೂ ಮಾವನ ಕಿವಿ ಬೇಕಿತ್ತು. ಅಂಗಡಿಗೆ ಯಾರಾದರೂ ಅನುಮಾನದ ನಾಣ್ಯ ತಂದರೆ ಅವನ ಭೂತಗನ್ನಡಿ, ತಕ್ಕಡಿ ಎಲ್ಲ ಬದಿಗೆ. ಮಾವನಿಗೆ ಹೇಳಿ ಕಳಿಸುತ್ತಿದ್ದ. ಅದಕ್ಕೆಂದೇ ಮಾವ ಮನೆಯ ಕಪ್ಪು ಚಪ್ಪಡಿಯನ್ನು ಕಲ್ಲುಕುಟಿಗನಿಂದ ಎರಡು ಹೋಳು ಮಾಡಿಸಿ, ಒಂದನ್ನು ಅವನ ಮೇಜಿನ ಮೇಲೆ ಇಟ್ಟು ಬಂದಿದ್ದರು. ಇವರು ಹೋಗಿ ನಾಣ್ಯ ಬಿಟ್ಟು, ಕೇಳಿ, "ಒಳ್ಳೇದು" ಅಥವಾ "ಬೇಡ ತಮ್ಮ" ಅನ್ನುವುದು. ಅದಕ್ಕೆ ಅವನು ಕೊಟ್ಟದ್ದೆಂದರೆ ಒಂದು ಲೋಟ ಟೀ. ಮಾವನಿಗೆ ಅಷ್ಟೇ ಸಾಕಾಗಿತ್ತು. ಫೋನ್ ಡಬ್ಬಿಗಳು ಬೀದಿಯಿಂದ ಎದ್ದುಹೋಗಿ, ನಿವೃತ್ತಿಯೂ ಆಗಿ, ಕಣ್ಣಿಗೆ ಪೊರೆ ಕಟ್ಟತೊಡಗಿದ ಮೇಲೆ, ಅವರನ್ನು ಬೇಕು ಅನ್ನುವ ಜಾಗ ಅದೊಂದೇ ಉಳಿದಿತ್ತು.

ಒಂದು ಸಂಜೆ ಅವನೇ ಮನೆಗೆ ಬಂದ. ನಾನು ಬಟ್ಟೆ ಮಡಿಸುತ್ತ ಅಲ್ಲೇ ಇದ್ದೆ.

"ಅಣ್ಣ, ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ನಾಳೆ ನೀವಿಲ್ಲದಾಗ ಈ ಪೆಟ್ಟಿಗೆ ಮಗಳ ಕೈಗೆ ಹೋಗುತ್ತೆ. ಯಾವನಾದ್ರೂ ಕಳ್ಳ ಬಂದು, ಇದು ಸುಳ್ಳು ಅದು ಸುಳ್ಳು ಅಂತ ಹೇಳಿ ಅವಳಿಗೆ ಟೋಪಿ ಹಾಕ್ತಾನೆ. ನಮ್ಮ ಕಾಲ ಅಲ್ಲ ಇದು. ಎಲ್ಲವನ್ನೂ ಪರೀಕ್ಷೆ ಮಾಡಿಸಿ, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮೊಹರು ಮಾಡಿಸಿಬಿಡೋಣ. ಆಮೇಲೆ ಯಾರೂ ತುಟಿ ಪಿಟಕ್ಕನ್ನೋ ಹಾಗಿಲ್ಲ."

"ನೀನು ಇರ್ತೀಯಲ್ಲೋ ಅವಳಿಗೆ" ಅಂದರು ಮಾವ.

"ನಾನೇನು ಕಲ್ಲುಗುಂಡೇ ಅಣ್ಣ? ನಾನೂ ಹೋಗೋನೇ."

ಆ ಮಾತಿಗೆ ಮಾವನ ಕಣ್ಣು ತುಂಬಿತು. ಪೆಟ್ಟಿಗೆ ಎತ್ತಿ ಕೊಟ್ಟರು. ರಸೀದಿ ಗಿಸೀದಿ ಅನ್ನುವ ಯೋಚನೆ ಅವರಿಗೂ ಬರಲಿಲ್ಲ, ನಮಗೂ ಬರಲಿಲ್ಲ. ತಮ್ಮನ ಹತ್ತಿರ ಯಾರು ರಸೀದಿ ಕೇಳುತ್ತಾರೆ?

ಕೆಲವು ವಾರ ಬಿಟ್ಟು ಪೆಟ್ಟಿಗೆ ವಾಪಸು ಬಂತು. ಒಂದೊಂದು ನಾಣ್ಯವೂ ಪಾರದರ್ಶಕ ಪ್ಲಾಸ್ಟಿಕ್ ಬಿಲ್ಲೆಯೊಳಗೆ ಕೂತಿತ್ತು, ಮೇಲೆ ಅಚ್ಚು ಹಾಕಿದ ಚೀಟಿ. ನೋಡಲು ಬಲು ಅಂದ. ಮಾವ ಒಂದನ್ನು ಎತ್ತಿ ಅಭ್ಯಾಸದಂತೆ ಉಗುರಿನಿಂದ ತಟ್ಟಿದರು. ಪ್ಲಾಸ್ಟಿಕ್ಕಿನ ಸದ್ದು ಬಂತು.

"ಎಲ್ಲರ ಬಾಯಿ ಕಟ್ಟಿಬಿಟ್ಟೆಯಲ್ಲೋ" ಅಂದರು.

"ಮೊಹರು ಮುರಿದರೆ ಬೆಲೆ ಹೋಯ್ತು ಅಂತಲೇ ಲೆಕ್ಕ ಅಣ್ಣ. ನಾಣ್ಯ ಕೂಡಿಡೋರಿಗೆ ಇದನ್ನ ನಾನು ಹೇಳಬೇಕಾ? ಪ್ರಾಣ ಹೋದ್ರೂ ತೆಗೀಬೇಡಿ."

ನಿಜ, ಕೂಡಿಡುವವರ ಲೋಕದಲ್ಲಿ ಅದು ಎಲ್ಲರಿಗೂ ಗೊತ್ತಿರುವ ಮಾತು. ಬೇರೆ ಯಾರಾದರೂ ಆಗಿದ್ದರೆ ಕುತೂಹಲಕ್ಕಾದರೂ ಒಂದನ್ನು ಬಿಚ್ಚಿ ನೋಡುತ್ತಿದ್ದರು. ಇವರು ನಾಣ್ಯ ಬಲ್ಲವರು, ಅದಕ್ಕೇ ಬಿಚ್ಚಲಿಲ್ಲ. ಪೊರೆ ಬಂದ ಕಣ್ಣಿಗೆ ಎಲ್ಲವೂ ಬೆಳ್ಳಗೆ ಗುಂಡಗೆ ಕಾಣುತ್ತಿದ್ದವು. ಜನ ಕಿವಿಗೆ ಹೂವಿಟ್ಟು ಮೋಸ ಮಾಡುತ್ತಾರೆ, ಇವನು ಕಿವಿಗೆ ಬೀಗವನ್ನೇ ಹಾಕಿದ. ಎರಡು ವರ್ಷ ಆ ಪೆಟ್ಟಿಗೆ ಮಾವನ ಮಂಚದ ಕೆಳಗಿತ್ತು. ಆ ಎರಡು ವರ್ಷವೂ ಅವನು ಹೇಳಿ ಕಳಿಸಿದಾಗೆಲ್ಲ ಇವರು ಹೋಗಿ ಅವನ ನಾಣ್ಯಗಳಿಗೆ ಕಿವಿ ಕೊಟ್ಟು ಬಂದರು.

ನಾದಿನಿ ಹೊಸ ಮನೆಗೆ ಹೋದ ಮೇಲೆ, ಇನ್ನು ಪೆಟ್ಟಿಗೆ ಒಪ್ಪಿಸಿಬಿಡುತ್ತೇನೆ ಅಂತ ಮಾವ ಅವಳನ್ನು ಕರೆಸಿದರು. ರಜೆಯ ದಿನ, ಮಧ್ಯಾಹ್ನ. ಎಲ್ಲರೂ ಮುಂದಿನ ಕೋಣೆಯಲ್ಲಿದ್ದೆವು. ಅವಳು ಬಿಲ್ಲೆಗಳನ್ನು ತಿರುಗಿಸಿ ನೋಡುತ್ತ, "ಅಪ್ಪ, ಒಂದೇ ಒಂದು ಸಲ ಚಿಕ್ಕಮ್ಮನ್ನ ಮಾತಾಡ್ಸು" ಅಂದಳು.

"ಮೊಹರು ಒಡೆದ್ರೆ ಬೆಲೆ ಹೋಗುತ್ತೆ ಕಣೇ."

"ನಾನು ಮಾರೋಕೆ ಇಟ್ಕೋತೀನಾ? ನನಗೆ ಚಿಕ್ಕಮ್ಮ ಬೇಕು, ಅವಳ ಬೆಲೆ ಕಟ್ಕೊಂಡು ನಾನೇನು ಮಾಡ್ಲಿ?"

ಮಾವ ನಕ್ಕುಬಿಟ್ಟರು. ನನ್ನ ಗಂಡ ಚಾಕು ಹಾಕಿ ಬಿಲ್ಲೆ ಸೀಳಿದರು. ಇಬ್ಬರು ಮಕ್ಕಳ ತಾಯಿಯಾದ ನಾದಿನಿ ಸೀರೆ ಸರಿಮಾಡಿಕೊಂಡು ಅಪ್ಪನಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತಳು. ಮಾವ ಕಲ್ಲಿನ ಮೇಲೆ ನಾಣ್ಯ ಬಿಟ್ಟರು.

ಟಪ್.

ನಾದಿನಿ ನಕ್ಕಳು. "ತಮಾಷೆ ಬೇಡಪ್ಪ. ಇದ್ಯಾರು? ಇವಳು ನಮ್ಮನೆಯವಳಲ್ಲ. ಚಿಕ್ಕಮ್ಮನ್ನ ಬಿಡು."

ಮಾವ ಬಿಟ್ಟದ್ದು ಚಿಕ್ಕಮ್ಮನನ್ನೇ. ಮತ್ತೆ ಎತ್ತಿ ಬಿಟ್ಟರು. ಮತ್ತೆ ಟಪ್. ನನ್ನಂಥ ಕಿವುಡಿಗೂ ಗೊತ್ತಾಯಿತು. ಸಾಲು ಸಾಲು ಮಾತಾಡುವ ಹೆಂಗಸು ಒಂದೇ ಅಕ್ಷರಕ್ಕೆ ಬಾಯಿ ಮುಚ್ಚಿದ್ದಳು. "ಇನ್ನೊಂದು ಒಡಿ" ಅಂದರು ಮಗನಿಗೆ. ನೆಗಡಿ ಬಂತು, ಟಪ್ ಅಂತು. ಕಳ್ಳಿ ಬಂದಳು, ಉರುಳದೆ ಇದ್ದಲ್ಲೇ ಬಿದ್ದುಕೊಂಡಳು. ನಾದಿನಿ ನಗು ನಿಲ್ಲಿಸಿ ಎಷ್ಟೋ ಹೊತ್ತಾಗಿತ್ತು. ಆದರೆ ಅವಳು ತಿರುಗಲಿಲ್ಲ. ಅಪ್ಪನ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ, ನಾವು ನೋಡಿದೆವು. ಇನ್ನೂ ಒಡೆಯಲು ಹೋದ ಮಗನ ಕೈ ಹಿಡಿದು, "ಸಾಕು ಬಿಡು" ಅಂದರು ಮಾವ.

ಮಾರನೆಯ ದಿನ ಬೆಳಿಗ್ಗೆ ಅವರನ್ನು ಕರೆದುಕೊಂಡು ಆ ಮೆಟ್ಟಿಲು ಹತ್ತಿದವಳು ನಾನು. ಗಂಡ ಬಂದರೆ ಕೈ ಮಾಡುತ್ತಾರೆ ಅಂತ ಬೇಡ ಅಂದಿದ್ದೆ. ನನಗೂ ಕೈ ತುರಿಸುತ್ತಿತ್ತು, ಆ ಮಾತು ಬೇರೆ.

"ಬನ್ನಿ ಅಣ್ಣ, ಬಾಮ್ಮ" ಅಂತ ಎದ್ದು ನಿಂತ. ಮಾವ ಒಡೆದ ಬಿಲ್ಲೆಯನ್ನೂ ಒಡೆಯದ ಬಿಲ್ಲೆಯನ್ನೂ ಹಸಿರು ಬಟ್ಟೆಯ ಮೇಲಿಟ್ಟರು.

"ಇವು ನನ್ನವಲ್ಲ ತಮ್ಮ. ನನ್ನವು ಎಲ್ಲಿ?"

ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನಿಧಾನವಾಗಿ ಕೂತು, ತಗ್ಗಿದ ದನಿಯಲ್ಲಿ, ಕಾಯಿಲೆಯವರ ಹತ್ತಿರ ಮಾತಾಡುವ ಹಾಗೆ ಹೇಳಿದ. "ಅಣ್ಣ, ನೀವು ಕೊಟ್ಟಿದ್ದೇ ಇವು. ನಿಮಗೆ ನೋವಾಗುತ್ತೆ ಅಂತ ಇಷ್ಟು ದಿನ ಹೇಳಲಿಲ್ಲ. ನಿಮ್ಮ ಕಿವಿ ಹೋಗಿ ಎಷ್ಟೋ ವರ್ಷ ಆಯ್ತು. ಸಂತೆಯಲ್ಲಿ ಯಾರು ಯಾರೋ ಏನೇನೋ ಕಟ್ಟಿದಾರೆ ನಿಮಗೆ. ನಾನು ನಿಮ್ಮ ಮರ್ಯಾದೆ ಉಳಿಸೋಕೆ ಅಂತ ಸುಮ್ಮನೆ ಪ್ಲಾಸ್ಟಿಕ್ ಹಾಕಿಸಿ ಕೊಟ್ಟೆ."

"ಮಗಳ ಕಿವಿಯೂ ಹೋಗಿದೆಯಾ ಹಾಗಾದ್ರೆ?" ಅಂದೆ ನಾನು. "ಕೂಸನ್ನೂ ಚಿವುಟಿ ತೊಟ್ಟಿಲನ್ನೂ ತೂಗ್ತೀರಲ್ಲ, ನಾಚಿಕೆ ಆಗಲ್ವಾ?"

"ನೀನು ದುಡುಕಬೇಡಮ್ಮ. ಅಣ್ಣನ್ನ ಕೇಳು. ಅವರಿಗೇ ಒಳಗೊಳಗೆ ಗೊತ್ತು."

ಅಯ್ಯೋ, ಮಾವನ ಕಡೆ ನೋಡಿದರೆ ಅವರು ಅದನ್ನು ನಂಬತೊಡಗಿದ್ದರು. ಕೈ ಕಿವಿಯ ಹತ್ತಿರ ಹೋಗಿತ್ತು. ನಾಣ್ಯ ಹೋದದ್ದಕ್ಕಿಂತ ಅದು ನನಗೆ ಹೆಚ್ಚು ಸಂಕಟ ತಂದಿತು. ಆ ಮನುಷ್ಯ ಪೆಟ್ಟಿಗೆಯನ್ನು ತಿಂದು ಮುಗಿಸಿ, ಈಗ ಅದನ್ನು ಕಟ್ಟಿದವರ ಇಡೀ ಬದುಕಿಗೆ ಕೈ ಹಾಕಿದ್ದ.

ಅಷ್ಟರಲ್ಲಿ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದಳು. ಕರವಸ್ತ್ರದ ಗಂಟು ಬಿಚ್ಚಿ ಒಂದು ನಾಣ್ಯ ಮೇಜಿನ ಮೇಲಿಟ್ಟಳು. "ನಮ್ಮಜ್ಜಿದು. ಮಾರಬೇಕು, ನಿಜವಾದದ್ದೇನಾ ನೋಡಿ." ಅವನು ಭೂತಗನ್ನಡಿ ಹಿಡಿದ, ತೂಗಿದ, ಹುಬ್ಬು ಗಂಟು ಹಾಕಿದ. ನಾಣ್ಯದ ಮೇಲಿನ ಕಣ್ಣು ತೆಗೆಯದೆಯೇ, ಎಡಗೈಯಿಂದ ಕಪ್ಪು ಕಲ್ಲನ್ನು ಮಾವನ ಕಡೆಗೆ ತಳ್ಳಿದ. ಮೂವತ್ತು ವರ್ಷದ ರೂಢಿ.

"ಅಣ್ಣ, ಸ್ವಲ್ಪ ಕೇಳಿ..."

ಹೇಳಿದ ಮೇಲೆ ಅವನಿಗೆ ಗೊತ್ತಾಯಿತು. ಕೈ ಕಲ್ಲಿನ ಮೇಲೆಯೇ ನಿಂತುಬಿಟ್ಟಿತು. ಹೋಯಿತು ಅಂದ ಕಿವಿಯನ್ನೇ ಅವನು ಕೇಳಿದ್ದ.

ಮಾವ ನಾಣ್ಯ ತೆಗೆದುಕೊಂಡರು. ಗೇಣು ಎತ್ತರದಿಂದ ಬಿಟ್ಟರು. ಠಣ್ ಅಂದದ್ದು ಕೋಣೆಯ ಮೂಲೆ ಮೂಲೆಗೂ ಹೋಗಿ, ಆರಲು ಬಹಳ ಹೊತ್ತು ಹಿಡಿಯಿತು. ತಲೆ ವಾಲಿಸಿ ಕೊನೆಯವರೆಗೂ ಕೇಳಿದರು.

"ಒಳ್ಳೇ ಬೆಳ್ಳಿ ತಾಯಿ" ಅಂತ ಹೆಂಗಸಿನ ಕೈಗೆ ಹಿಂದಕ್ಕೆ ಕೊಟ್ಟರು. "ಮನೆಗೆ ತಗೊಂಡು ಹೋಗು. ಇಲ್ಲಿ ಕೊಡಬೇಡ."

ಆಮೇಲೆ ಅವನ ಕೈಯನ್ನು ಸರಿಸಿ, ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಟರು. ಭಾರದ ಕಲ್ಲು, ನಾನು ಹಿಡಿಯಲು ಹೋದರೆ ಬಿಡಲಿಲ್ಲ. ಹಿಂದಿನಿಂದ ಅವನು "ಅಣ್ಣ... ಅಣ್ಣ..." ಅನ್ನುತ್ತಲೇ ಇದ್ದ.

ದೂರು ಕೊಟ್ಟೆವು. ಸಾಕ್ಷಿ ಏನು ಅಂದರು. ಇಬ್ಬರ ಕಿವಿಯನ್ನು ಯಾರು ಬರೆದುಕೊಳ್ಳುತ್ತಾರೆ? ಅವನ ಅಂಗಡಿ ಈಗಲೂ ತೆರೆದಿದೆ, ಅಣ್ಣನಿಗೆ ವಯಸ್ಸಾಯಿತು, ಸುಮ್ಮಸುಮ್ಮನೆ ಮುನಿಸಿಕೊಂಡಿದ್ದಾರೆ ಅಂತ ಕಂಡವರ ಹತ್ತಿರ ಹೇಳಿಕೊಂಡು ತಿರುಗುತ್ತಾನಂತೆ. ಎರಡು ಹೋಳು ಕಲ್ಲನ್ನೂ ನಾದಿನಿ ತನ್ನ ಮನೆಗೆ ಒಯ್ದು ಪಕ್ಕ ಪಕ್ಕ ಇಟ್ಟುಕೊಂಡಿದ್ದಾಳೆ. ಅವಳ ಪಾಲಿಗೆ ಬಂದದ್ದು ಅಷ್ಟೇ.

ಮಾವ ಈಗ ಕಪ್ಪು ತಟ್ಟುವುದಿಲ್ಲ, ಬಿರುಕಿದ್ದರೂ ಹೇಳುವುದಿಲ್ಲ. ಆದರೆ ಬೀದಿಯಲ್ಲಿ ತರಕಾರಿಯವನೋ ಪೇಪರಿನವನೋ ಹಿಂದಿನಿಂದ "ಅಣ್ಣಾ" ಅಂತ ಕರೆದರೆ ಇದ್ದಲ್ಲೇ ನಿಲ್ಲುತ್ತಾರೆ. ತಲೆ ಎಡಕ್ಕೆ ವಾಲಿಸಿ, ಕಣ್ಣು ಅರ್ಧ ಮುಚ್ಚಿ, ಆ ಸದ್ದು ಪೂರ್ತಿ ಆರುವವರೆಗೆ ಕೇಳುತ್ತಾರೆ. ಆಮೇಲೆ ಕೆಲವು ಸಲ ತಿರುಗುತ್ತಾರೆ, ಕೆಲವು ಸಲ ನನ್ನ ಕೈ ಹಿಡಿದು, "ನಡಿಯಮ್ಮ" ಅನ್ನುತ್ತಾರೆ.